ಮೂಲೆಯಿಂದ ಮೂಲೆಗೆ

ಕೋಡಿಬಾಗದ ನಮ್ಮ ಅಂಗಳ ಸಮತಟ್ಟಲ್ಲ.
ಗೊತ್ತಾದದ್ದು ಈ ಡಿಸೆಂಬರಿನಲ್ಲಿ,
ಪ್ಲಾಸ್ಟಿಕ್ ಕೊಳವೆಗೆ ನೀರು ತುಂಬಿ
ಒಂದು ತುದಿ ನಾನು, ಒಂದು ತುದಿ ಮಗಳು ಸುಲಕ್ಷಣಾ ಹಿಡಿದಾಗ:
ಬಾವಿಕಟ್ಟೆಯಿಂದ ಗೇಟಿನ ತನಕ ಎರಡೂವರೆ ಇಂಚು ಇಳಿಜಾರು.
ಹದಿನೆಂಟು ವರ್ಷ ಓಡಾಡಿದ ಕಾಲಿಗೆ ತಿಳಿಯದ್ದು
ನೀರಿಗೆ ಒಂದೇ ಕ್ಷಣದಲ್ಲಿ ತಿಳಿಯಿತು.

ಬೈತಖೋಲದ ದೋಣಿ ಬಡಗಿಯಿಂದ ಕೇಳಿ ತಂದ ಆರು ದಿಮ್ಮಿ,
ಅಡಿಗೆ ಬೆಣೆ. ಮೇಲೆ ಎರಡು ಉದ್ದ ಕಬ್ಬಿಣ,
ನಾಲ್ಕು ಇಂಚು ಎತ್ತರ, ಎರಡು ಇಂಚು ಅಗಲ, ನಾಲ್ಕು ಮಿಲಿ ದಪ್ಪ.
ಟ್ರಾಲರುಗಳ ಹೊಟ್ಟೆಗೆ ತೇಪೆ ಹಚ್ಚಿ ಪಳಗಿದ ಕೈ ನನ್ನದು,
ಇಡೀ ಬೆನ್ನೆಲುಬು ಕಟ್ಟಿದ್ದಿಲ್ಲ.

ಹಳೆಯದು ಬೇಲಿಯ ಬದಿಗೆ ಬಿದ್ದಿದೆ.
ಬಸ್ತ್ಯಾಂವ ರೊಡ್ರಿಗಸ್ ಮೂವತ್ತು ವರ್ಷ
ಅಂಕೋಲೆಗೆ ಐಸು ಹೇರಿದ ಪಿಕಪ್ಪಿನದು.
ಎಡ ಪಟ್ಟಿ ಬಡಿದರೆ ಈಗಲೂ ಠಣ್ ಅನ್ನುತ್ತದೆ.
ಬಲ ಪಟ್ಟಿಗೆ ಸ್ಕ್ರೂಡ್ರೈವರ್ ತಾಗಿಸಿದರೆ ಸಾಕು,
ಪದರ ಪದರ, ಕೆಂಪು ಹಪ್ಪಳ.
"ಬಲಗಡೆಯೇ ಯಾಕಪ್ಪ?"
ಉಪ್ಪುಗಾಳಿ ಅಂದೆ. ಎರಡೂ ಕಡೆ ಬೀಸುವ ಗಾಳಿ.

ಸಂಜೆ ವೋಲ್ಟೇಜು ಇಲ್ಲ. ಹತ್ತರ ಮೇಲೆಯೇ ಕೆಲಸ.
ಎದುರುಮನೆಯ ಟ್ಯೂಬ್‌ಲೈಟು
ನನ್ನ ಒಂದೊಂದು ಕಿಡಿಗೂ ರೆಪ್ಪೆ ಬಡಿಯುತ್ತದೆ.
ಕಡಲ ತೇವ ಕುಡಿದ ವೆಲ್ಡಿಂಗ್ ರಾಡುಗಳನ್ನು
ಪ್ರಮೀಳಾ ಒಲೆಯ ಪಕ್ಕ, ಒಣಸಿಗಡಿಯ ಡಬ್ಬದ ಹತ್ತಿರ ಬೆಚ್ಚಗಿಟ್ಟು
ಎಣಿಸಿ ಕೊಡುತ್ತಾಳೆ. "ಇಪ್ಪತ್ತು. ಇವತ್ತಿಗೆ ಸಾಕು."
ಹಗಲು ಅದೇ ಚೌಕಟ್ಟಿನ ಮೇಲೆ ಚಾದರ ಹರವಿ
ತುಕ್ಕಿನ ಗೆರೆ ಬಿದ್ದರೆ ನನ್ನನ್ನೇ ಬೈಯುತ್ತಾಳೆ.

ಇಲ್ಲೊಂದು ಇಂಚು, ಎದುರು ಮೂಲೆಗೊಂದು ಇಂಚು.
ಒಂದೇ ಕಡೆ ಕಾಯಿಸಿದರೆ
ಕಬ್ಬಿಣ ಮುನಿದು ಅತ್ತಲೇ ಸೆಳೆಯುತ್ತದೆ.
ಮೊದಲು ಬಲೆಯ ದಾರದಲ್ಲಿ ಅಳೆದೆವು:
ಮೂಲೆಯಿಂದ ಮೂಲೆಗೆ, ಮತ್ತೆ ಇನ್ನೆರಡು ಮೂಲೆಗೆ.
ಸರಿಸಮ! ಪಾಟಾ ಅಂಗಡಿಯ ಕೈಸರ್ ನಕ್ಕ:
"ನೈಲಾನು, ನಿನ್ನ ಆಸೆಯಷ್ಟು ಹಿಗ್ಗುತ್ತದೆ."
ಸ್ಟೀಲ್ ಟೇಪು ಒಂಬತ್ತು ಮಿಲಿ ವ್ಯತ್ಯಾಸ ತೋರಿಸಿತು.
ಮಧ್ಯದ ಅಡ್ಡಪಟ್ಟಿ ಕತ್ತರಿಸಿದೆ.
ಆ ರಾತ್ರಿ ಊಟ ಮಾಡಲಿಲ್ಲ.

ಹನ್ನೊಂದು ರಾತ್ರಿ ಕಳೆದು, ಎರಡೂ ಕರ್ಣ
ನಾಲ್ಕು ಸಾವಿರದ ಎಂಬತ್ತೆರಡು.
ಸುಲಕ್ಷಣಾ ಗಣಿತದ ಪಟ್ಟಿಯ ಕೊನೆಯ ಹಾಳೆಯಲ್ಲಿ ಬರೆದಳು.

ರಂಪಣಿ ಎಳೆಯುವ ಹತ್ತು ಜನ ಕ್ಯಾಬಿನ್ನು ಎತ್ತಿ ತಂದರು,
ಮೆಲ್ಲಗೆ ಇಳಿಸಿದರು, ಚಾ ಕುಡಿದರು, ಹೋದರು.
ಬೋಲ್ಟು ಬಿಗಿದೆ.
ಬಾಗಿಲು ಹಾಕಲಿಲ್ಲ.
ಗೆದ್ದಲು ತಿಂದ ಹಾಗೆ ತೂತಾಗಿದ್ದ ಚಾಸಿಯ ಮೇಲೆ
ನಿನ್ನೆವರೆಗೆ ಬೆರಳಲ್ಲಿ ನೂಕಿದರೆ ಮುಚ್ಚುತ್ತಿದ್ದ ಬಾಗಿಲು
ನೇರವಾದ ಚಾಸಿಯ ಮೇಲೆ ಅರ್ಧ ಬೆರಳು ತೆರೆದೇ ನಿಂತಿತು.

ಭಾನುವಾರ ಪೂಜೆ ಮುಗಿಸಿ ರೋಜಿನ್ ಮಾಯ್ ಬಂದಳು, ಗಾಡಿ ನೋಡಲು.
ಕಣ್ಣೀರು ಹಾಕಿಯಾಳೆಂದು ಪ್ರಮೀಳಾ ನೀರು ತಂದಿಟ್ಟಿದ್ದಳು.
ಅವಳು ನೀರು ಕುಡಿದು ಹೇಳಿದ್ದು ಇಷ್ಟು:
"ಗಣಬಾ, ಬೆಳಿಗ್ಗೆ ಅಂಕೋಲೆಗೆ ಹೋಗುವಾಗ ಬಿಸಿಲು ಎಡಗಡೆ ಅಲ್ಲವೇ?
ನೆರಳೆಂದು ಅವನು ಐಸೆಲ್ಲ ಬಲಕ್ಕೇ ಒಟ್ಟುತ್ತಿದ್ದ.
ಬಲಕ್ಕೆ ಐಸು, ಬಲಕ್ಕೇ ಅವನು.
ಅವನೇನು ಸಣ್ಣ ಮನುಷ್ಯನೇ?"

ಮೂವತ್ತು ವರ್ಷ ಉಪ್ಪುಮಂಜಿನ ನೀರು ಒಂದೇ ಪಟ್ಟಿಗೆ ತೊಟ್ಟಿಕ್ಕಿದೆ.
ಪಟ್ಟಿ ಬಗ್ಗಿದ ಹಾಗೆ ಕ್ಯಾಬಿನ್ನೂ ಬಗ್ಗುತ್ತ ಬಂದಿದೆ,
ಯಾರಿಗೂ ಹೇಳದೆ, ಕೂದಲೆಳೆಯಷ್ಟು, ಕೂದಲೆಳೆಯಷ್ಟು.
"ಹಾಗಾದರೆ ಸೊಟ್ಟ ಯಾವುದು ಈಗ?" ಮಗಳ ಪ್ರಶ್ನೆ.
ಕೈಸರ್ ಸುತ್ತಿಗೆ ಬೇಡಿದ. ಕೊಡಲಿಲ್ಲ.

ಎಡಗಡೆಯ ಬೋಲ್ಟು ಸಡಿಲಿಸಿ
ಕೆಳಗೆ ವಾಷರ್ ತೂರಿಸಿದೆ, ಒಂದು.
ಬಾಗಿಲು ತಗಾದೆ ಮಾಡಿತು. ಇನ್ನೊಂದು.
ಟಕ್.

ಕೆಳಗೆ ಕರ್ಣಗಳು ಸರಿಸಮ,
ಮೇಲೆ ಕ್ಯಾಬಿನ್ನು ಇಲ್ಲದ ಭಾರಕ್ಕೆ ಇನ್ನೂ ಬಲಕ್ಕೆ ವಾಲಿದೆ.
ಕೊನೆಯ ಹಾಳೆ ತುಂಬಿಹೋಗಿತ್ತು.
ಸುಲಕ್ಷಣಾ ಅಂಚಿನಲ್ಲಿ, ಪುಟ ತಿರುಗಿಸಿ, ಸಣ್ಣಕ್ಷರದಲ್ಲಿ ಬರೆದಳು:
ಎಡಕ್ಕೆ ವಾಷರ್ ಎರಡು. ತೆಗೆಯಬಾರದು.